ಬಾಣಂತನಕ್ಕೆಂದು ಲಂಕೆಗೆ ಹೋದದ್ದು

ಅರಕಲಗೂಡು

ಶ್ರವಣಬೆಳಗೊಳದ ಪದ್ಮಾವತಮ್ಮನವರು ನನ್ನನ್ನು ಲಂಕೆಗೆ ಕರೆಯಲು ಬಂದ ದಿನ ನಮ್ಮ ಮನೆಯಲ್ಲಿ ನನ್ನ ಮದುವೆ ಸೀರೆಯ ಮಾತು ನಡೆಯುತ್ತಿತ್ತು. ಧಾರೆಗೆ ಯಾವ ಬಣ್ಣ, ಹಾಸನಕ್ಕೆ ಹೋಗಿ ತರುವವರು ಯಾರು ಎಂದು ಅವ್ವ ಕೇಳುತ್ತಿದ್ದಳು. ನಾನು ಎಲ್ಲದಕ್ಕೂ ‘ಹೂಂ’ ಎನ್ನುತ್ತಿದ್ದೆ.

ಅರವತ್ತನೇ ಇಸವಿಯ ಆಸುಪಾಸಿನ ಮಾತು ಇದು. ನನಗೆ ಇಪ್ಪತ್ತಾರು ವರ್ಷ. ಅರಕಲಗೂಡಿನಲ್ಲಿ ಸರ್ಕಾರಿ ನರ್ಸಾಗಿದ್ದೆ. ಸುತ್ತಲ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವುದು, ಸಿಡುಬಿನ ದಾಕು ಹಾಕುವುದು ನನ್ನ ಕೆಲಸ. ನಮ್ಮ ಹಳ್ಳಿ ರಾಮನಾಥಪುರದ ದಾರಿಯಲ್ಲಿತ್ತು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ. ಊರವರು ಬೇಡವೆಂದರೂ ನನ್ನನ್ನು ಮೈಸೂರಿಗೆ ನರ್ಸ್ ಓದಲು ಕಳಿಸಿದವನು ಅವನೇ. ಆದರೆ ಓದಿಸಿದ್ದು ಸಾಕು, ಇನ್ನು ಮಗಳು ಒಂದು ಕಡೆ ನಿಲ್ಲಲಿ ಎಂಬ ಆಸೆ ಅವನಿಗೂ ಬಂದಿತ್ತು. ‘ಇವಳ ಕಾಲಿಗೆ ಚಕ್ರ ಕಟ್ಟೈತೆ’ ಎಂದು ಅವ್ವ ಸಣ್ಣವಳಿದ್ದಾಗಿನಿಂದ ಬೈಯುತ್ತಿದ್ದಳು. ಅದು ನಿಜ. ಬೇರೆ ನರ್ಸುಗಳು ಹಳ್ಳಿ ತಿರುಗಾಟ ತಪ್ಪಿಸಿಕೊಳ್ಳಲು ನೆವ ಹುಡುಕುತ್ತಿದ್ದರೆ, ನಾನು ತಿರುಗಾಟವಿಲ್ಲದ ದಿನ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದೆ.

ವರ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹೆಸರು ಶಿವಣ್ಣ. ನೋಡಲು ಬಂದ ದಿನ ಕಾಫಿ ಕುಡಿದು, ಲೋಟವನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಅದು ನನಗೆ ಹಿಡಿಸಿತು. ‘ಅಷ್ಟೂ ಹಳ್ಳಿಗೆ ನೀವೊಬ್ರೇ ನಡ್ಕೊಂಡು ಹೋಗ್ತೀರಾ?’ ಎಂದು ಕೇಳಿದರು. ಹೌದೆಂದೆ. ‘ಮದ್ವೆ ಆದ್ಮೇಲೆ ಇಷ್ಟೆಲ್ಲ ಅಲೀಬೇಕಾಗಿಲ್ಲ ಬಿಡಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಪಿತ್ತವೆಂದುಕೊಂಡು ಶುಂಠಿ ಕಷಾಯ ಕುಡಿಯುತ್ತಿದ್ದೆ.

ಪದ್ಮಾವತಮ್ಮನವರು ನನಗೆ ಹೊಸಬರಲ್ಲ. ನನ್ನ ಮೊದಲ ಎರಡು ವರ್ಷದ ಕೆಲಸ ಶ್ರವಣಬೆಳಗೊಳದಲ್ಲಿ. ಆಗ ಅವರ ಮನೆಯ ಜಗಲಿ ಕೋಣೆಯಲ್ಲೇ ಬಾಡಿಗೆಗಿದ್ದೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಜೈನರ ಹೆಂಗಸು. ಒಬ್ಬಳೇ ಮಗಳು ಸುಮತಿ. ಅಳಿಯ ಧರಣೇಂದ್ರ ಲಂಕೆಯ ಕ್ಯಾಂಡಿ ಬಳಿಯ ಒಂದು ಟೀ ತೋಟದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಸುಮತಿಯ ಚೊಚ್ಚಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಈಗ ಮತ್ತೆ ಏಳು ತಿಂಗಳು. ಪ್ರಯಾಣ ಕೂಡದೆಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವಂತಿಲ್ಲ. ತವರೇ ಮಗಳ ಹತ್ತಿರ ಹೋಗಬೇಕು.

‘ನೀನು ಬರ್ದಿದ್ರೆ ನಾನೂ ಹೋಗಲ್ಲ ಕಣೇ ಜಯಾ’ ಎಂದು ಪದ್ಮಾವತಮ್ಮ ನನ್ನ ಕೈ ಹಿಡಿದುಕೊಂಡರು. ‘ನಿಂಗೆ ಇಂಗ್ಲಿಷ್ ಬರುತ್ತೆ, ಹೆರಿಗೇನೂ ಗೊತ್ತು. ನಂಗೆ ಮಂಡ್ಯದಾಚೆ ಏನಿದೆ ಅಂತ್ಲೂ ಗೊತ್ತಿಲ್ಲ.’

ಅಪ್ಪ ಜಗಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ‘ಸಮುದ್ರ ದಾಟ್ಬೇಕಾ?’ ಎಂದ.

‘ಸ್ವಲ್ಪ ಸಮುದ್ರ ಅಷ್ಟೇ ಅಪ್ಪ. ಎರಡು ಗಂಟೆ ಹಡಗು.’

‘ಸಮುದ್ರದಾಗೆ ಸ್ವಲ್ಪ, ಜಾಸ್ತಿ ಅಂತ ಐತೇನಮ್ಮಿ? ಮದ್ವೆ ಗೊತ್ತಾಗಿರೋ ಎಣ್ಣು ನೀನು.’

‘ಕಾಳೇಗೌಡ್ರೇ,’ ಎಂದರು ಪದ್ಮಾವತಮ್ಮ, ‘ನನ್ ಮಗ್ಳು ಒಂದು ಕೂಸನ್ನ ಮಣ್ಣಿಗೆ ಕೊಟ್ಟವ್ಳೆ. ಇದೂ ಹೋದ್ರೆ ಅವಳೂ ಉಳಿಯಲ್ಲ.’

ಅಪ್ಪ ಎದ್ದು ನಿಂತು, ‘ಓಗ್ಬುಟ್ಟು ಬರ್ಲಿ. ಆದ್ರೆ ಯುಗಾದಿ ಒತ್ತಿಗೆ ಇಲ್ಲಿರ್ಬೇಕು ಕಣ’ ಎಂದ.

ಆ ರಾತ್ರಿ ನಾನು ಹೊಟ್ಟೆ ತುಂಬ ಉಂಡೆ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಹಳ್ಳಿಗೆ ಬಂದಾಗ, ನರ್ಸಮ್ಮ ಆಸ್ಪತ್ರೆಯದೇನೋ ಕದ್ದಿದ್ದಾಳೆ ಎಂದು ಊರಿಗೂರೇ ಮಾತಾಡಿಕೊಂಡಿತು. ಲಂಕೆಗೆ ಹೋಗುತ್ತಾಳಂತೆ ಎಂದು ತಿಳಿದ ಮೇಲೆ, ಕದ್ದಿದ್ದರೇ ವಾಸಿಯಾಗಿತ್ತು ಎಂದರು.

ಮಂಡಪಂ

ರೈಲುಗಳನ್ನು ಬದಲಿಸಿ ಬದಲಿಸಿ, ಕೊನೆಗೆ ಗಾಳಿಗೆ ಉಪ್ಪಿನ ವಾಸನೆ ಬಂದಾಗ ಇಳಿದದ್ದು ಮಂಡಪಂನಲ್ಲಿ. ಲಂಕೆಗೆ ಹೋಗುವವರ ಆರೋಗ್ಯದ ಚೀಟಿಗಳನ್ನು ಅಲ್ಲಿ ಪರೀಕ್ಷೆ ಮಾಡುತ್ತಾರೆ. ಕಾಲರಾ, ಸಿಡುಬು ಎರಡಕ್ಕೂ ಚುಚ್ಚಿಸಿಕೊಂಡ ದಾಖಲೆ ಇರಬೇಕು. ನಮ್ಮಿಬ್ಬರ ಹತ್ತಿರವೂ ಇತ್ತು. ನಾನು ಧೈರ್ಯವಾಗಿ ಮುಂದೆ ಚಾಚಿದೆ.

ಮೇಜಿನ ಆಚೆ ಕೂತಿದ್ದ ಅಧಿಕಾರಿ ಕನ್ನಡಕ ಏರಿಸಿ ಎರಡು ಚೀಟಿಗಳನ್ನೂ ನೋಡಿದರು. ‘ಈ ಅಜ್ಜಿಗೆ ಚುಚ್ಚಿದ್ದು ಯಾರು?’

‘ನಾನೇ ಸಾರ್.’

‘ನಿಮಗೆ ಚುಚ್ಚಿದ್ದು?’

‘ಅದೂ ನಾನೇ.’

‘ಸಹಿ?’

ನಮ್ಮ ಡಾಕ್ಟರು ಆ ವಾರ ರಜೆಯಲ್ಲಿದ್ದರು. ಅರಕಲಗೂಡು ಸೀಮೆಯಲ್ಲಿ ಅಷ್ಟೊಂದು ಜನಕ್ಕೆ ದಾಕು ಹಾಕಿದವಳು, ನನ್ನ ಚೀಟಿಗೆ ನಾನೇ ಸಹಿ ಹಾಕಿದರೆ ಏನು ತಪ್ಪು ಎಂದು ಹಾಕಿಬಿಟ್ಟಿದ್ದೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. ‘ನಿಮ್ಮ ಮೇಲೆ ನಂಬಿಕೆ ಇದೆಯಮ್ಮ. ಆದರೆ ತನಗೆ ತಾನೇ ಸಾಕ್ಷಿ ಹೇಳೋದನ್ನ ಯಾವ ದೇಶದ ಕಾನೂನೂ ಒಪ್ಪಲ್ಲ’ ಎಂದು ಹೊಸದಾಗಿ ಸೂಜಿ ಹಾಕಿಸಿ, ಐದು ದಿನ ಶಿಬಿರದಲ್ಲಿ ಇರಬೇಕೆಂದು ಬರೆದುಕೊಟ್ಟರು.

ಪದ್ಮಾವತಮ್ಮ ಶಿಬಿರದ ಉದ್ದ ಕೊಟ್ಟಿಗೆಯಂಥ ಕಟ್ಟಡ ನೋಡಿ ಗಂಟಿನ ಮೇಲೆ ಕೂತುಬಿಟ್ಟರು. ಅಲ್ಲಿ ಇದ್ದವರೆಲ್ಲ ಲಂಕೆಯ ತೋಟಗಳ ಕೂಲಿಗಳು. ಊರಿಗೆ ಬಂದು ವಾಪಸು ಹೊರಟವರು. ದೊಡ್ಡ ಹಂಡೆಗಳಲ್ಲಿ ಎಲ್ಲರಿಗೂ ಒಂದೇ ಅಡುಗೆ. ಪದ್ಮಾವತಮ್ಮ ಅದನ್ನು ಮುಟ್ಟುವವರಲ್ಲ. ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಹೊತ್ತು ಮುಳುಗಿದ ಮೇಲೆ ತೊಟ್ಟು ನೀರೂ ಬಾಯಿಗೆ ಹೋಗುವಂತಿಲ್ಲ. ಒಲೆ ಹಚ್ಚಲು ನಮಗೆ ಅಪ್ಪಣೆ ಇಲ್ಲ.

ನಮ್ಮ ಪಾಡು ನೋಡಿ ಪಕ್ಕದ ಚಾಪೆಯ ಮುತ್ತಮ್ಮ ಎದ್ದುಬಂದಳು. ನಲವತ್ತರ ಹೆಂಗಸು, ಟೀ ಎಲೆ ಕೀಳುವವಳು. ಮೈಸೂರಿನಲ್ಲಿ ತಮಿಳು ನರ್ಸುಗಳ ಜೊತೆ ಇದ್ದುದರಿಂದ ಅವಳ ಮಾತು ನನಗೆ ಅರ್ಥವಾಗುತ್ತಿತ್ತು. ಆಳುಗಳ ಹತ್ತಿರ ಜಗಳವಾಡಿ, ಹಿತ್ತಲಿನಲ್ಲಿ ಮೂರು ಕಲ್ಲು ಹೂಡುವಷ್ಟು ಜಾಗ ಗಿಟ್ಟಿಸಿಕೊಟ್ಟಳು. ದಿನವೂ ಸಂಜೆಯಾಗುತ್ತಲೇ ಅವಳೇ ಆಕಾಶ ನೋಡಿ ಕೂಗುತ್ತಿದ್ದಳು: ‘ಅಮ್ಮಾ, ಬೇಗ ತಿನ್ನಿ, ಸೂರ್ಯ ಬೀಳ್ತಾ ಇದ್ದಾನೆ!’ ಪದ್ಮಾವತಮ್ಮ ಗಬಗಬನೆ ಅನ್ನ ನುಂಗುತ್ತಿದ್ದರು. ಇಡೀ ಕೊಟ್ಟಿಗೆ ಅವರ ಕಡೆಯ ತುತ್ತನ್ನೂ ಸಮುದ್ರದ ಕಡೆಯ ಸೂರ್ಯನನ್ನೂ ಪಂದ್ಯ ನೋಡುವಂತೆ ನೋಡುತ್ತಿತ್ತು.

ಒಂದು ವಿಷಯ ಹೇಳಬೇಕು. ತಪ್ಪು ನನ್ನದು, ಐದು ದಿನ ಹಾಳಾದದ್ದು ನನ್ನಿಂದ, ಅಲ್ಲಿ ಸುಮತಿಯ ದಿನಗಳು ಹತ್ತಿರ ಬರುತ್ತಿದ್ದವು. ಇಷ್ಟೆಲ್ಲ ಇದ್ದರೂ ಬೆಳಗ್ಗೆ ಏಳುವಾಗ ನನ್ನ ಮನಸ್ಸು ಹಕ್ಕಿಯಂತಿರುತ್ತಿತ್ತು. ಈ ಜನ ಯಾರು, ಎಲ್ಲಿಂದ ಬಂದರು, ಏನು ಉಣ್ಣುತ್ತಾರೆ, ಆ ಮರಳಿನಾಚೆ ಏನಿದೆ ಎಂದು ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು. ಮುಖ ಸಪ್ಪಗೆ ಮಾಡಿಕೊಂಡೇ ಓಡಾಡುತ್ತಿದ್ದೆ.

ಮುತ್ತಮ್ಮನಿಗೆ ಮಾತ್ರ ಗೊತ್ತಾಯಿತು. ‘ನಿನಗೆ ಇದೆಲ್ಲ ಚೆನ್ನಾಗಿದೆ, ಅಲ್ಲವಾ?’ ಎಂದು ಕೇಳಿದಳು. ನಾನು ಒಪ್ಪಿಕೊಂಡೆ. ಅವಳು ನಗಲಿಲ್ಲ. ‘ನಾನು ಹುಟ್ಟಿದ್ದು ಲಂಕೆಯಲ್ಲಿ. ಅಲ್ಲಿನವರು ನನ್ನನ್ನ ಅಲ್ಲಿಯವಳಲ್ಲ ಅಂತಾರೆ. ನಮ್ಮಪ್ಪನ ಹಳ್ಳಿಗೆ ಹೋದರೆ ಇಲ್ಲಿಯವಳೂ ಅಲ್ಲ ಅಂತಾರೆ. ನಾನು ಏಳು ಸಲ ಈ ನೀರು ದಾಟಿದ್ದೀನಿ. ಒಂದು ಸಲವೂ ಆಸೆಪಟ್ಟು ದಾಟಿಲ್ಲ’ ಎಂದಳು. ಆಮೇಲೆ ನನ್ನ ಮುಖ ನೋಡಿ, ‘ನೀನು ಆಸೆಪಟ್ಟು ದಾಟು, ಪರವಾಗಿಲ್ಲ’ ಎಂದು ಬೆನ್ನು ತಟ್ಟಿದಳು.

ಧನುಷ್ಕೋಡಿ

ಹೇಮಾವತಿ ತುಂಬಿ ಹೊಳೆನರಸೀಪುರದ ಹತ್ತಿರ ಹೊಲಗಳಿಗೆ ನುಗ್ಗಿದ್ದನ್ನು ಕಂಡಿದ್ದೆ. ಅದೇ ನಾನು ನೋಡಿದ ದೊಡ್ಡ ನೀರು. ಹೊಳೆ ಎಷ್ಟು ಉಕ್ಕಿದರೂ ಆಚೆ ದಡದಲ್ಲಿ ಒಂದು ತೆಂಗಿನ ಮರವಾದರೂ ಕಾಣುತ್ತದೆ. ಧನುಷ್ಕೋಡಿಯ ಕಟ್ಟೆಯಲ್ಲಿ ರೈಲಿನಿಂದಿಳಿದು ಹಡಗಿನ ಏಣಿ ಹತ್ತುವಾಗ, ಆಚೆ ಏನೂ ಇಲ್ಲದ್ದನ್ನು ಕಂಡು ನಡುಮೆಟ್ಟಿಲಲ್ಲೇ ನಿಂತುಬಿಟ್ಟೆ. ಭಯವೋ ಸಂತೋಷವೋ ತಿಳಿಯಲಿಲ್ಲ.

ಹಡಗು ಹೊರಟು ಸ್ವಲ್ಪ ಹೊತ್ತಿಗೇ ಪದ್ಮಾವತಮ್ಮ ಕಕ್ಕಲು ಶುರುಮಾಡಿದರು. ನಾನು ಅವರ ಹಣೆ ಹಿಡಿದು ಕೂತೆ. ‘ನೆಲ ಯಾವಾಗ ಬರುತ್ತೆ? ನೆಲ ಯಾವಾಗ ಬರುತ್ತೆ?’ ಎಂದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ‘ಇನ್ನೇನು ಬಂತು’ ಎನ್ನುತ್ತಿದ್ದೆ. ಆದರೆ ನೆಲ ಬರುವುದೇ ಬೇಡ, ಹೀಗೇ ಹೋಗುತ್ತಿರಲಿ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ತಲೈಮನ್ನಾರಿನಲ್ಲಿ ಇಳಿಯುವಾಗ ಸೂರ್ಯ ನೀರಿನಂಚಿಗೆ ಬಂದಿದ್ದ. ಬೆಳಗ್ಗಿನಿಂದ ಹೊಟ್ಟೆಗೆ ಹೋದದ್ದೆಲ್ಲ ಹೊರಗೆ ಬಂದಿದ್ದ ಮುದುಕಿಗೆ ಹೊತ್ತು ಮುಳುಗುವುದರೊಳಗೆ ಏನಾದರೂ ಕೊಡಬೇಕು. ಕಟ್ಟೆಯಲ್ಲೇ ನಿಂತಿದ್ದ ರೈಲು ಹತ್ತಿದೆವು. ಅದರಲ್ಲಿ ನಮ್ಮೆದುರು ಕೂತಿದ್ದ ಸಿಂಹಳದ ಒಬ್ಬ ಹಿರಿಯರು, ಬಿಳಿ ಪಂಚೆಯ ಮೇಲೆ ಕೋಟು ತೊಟ್ಟವರು, ಇದನ್ನೆಲ್ಲ ನೋಡಿ ತಮ್ಮ ಬುತ್ತಿಯನ್ನೇ ಬಿಚ್ಚಿ ಮುಂದೆ ಹಿಡಿದರು. ಬಾಳೆಲೆಯಲ್ಲಿ ಅನ್ನ, ಪಕ್ಕದಲ್ಲಿ ಕೆಂಪಗೆ ಕಾಯಿಚಟ್ನಿ. ಚಟ್ನಿ ನೋಡಿ ಪದ್ಮಾವತಮ್ಮನಿಗೆ ತವರೇ ಕಂಡಂತಾಯಿತು. ಹಸಿವಿಗೆ ನೇಮ ಮರೆತು, ಕಲಸಿ ತುತ್ತು ಎತ್ತಿದರು. ನಾನು ಅದರಲ್ಲಿ ಚೂರು ನಾಲಿಗೆಗಿಟ್ಟುಕೊಂಡಿದ್ದೆ, ಒಣಮೀನಿನ ಪುಡಿ! ಕೈ ಹಿಡಿದು ಜಗ್ಗಿದೆ. ಅನ್ನ ಚೆಲ್ಲಿತು. ಆ ಹಿರಿಯರ ಮುಖ ಕಪ್ಪಿಟ್ಟಿತು.

‘ಯಾಕೇ?’ ಎಂದರು ಪದ್ಮಾವತಮ್ಮ.

‘ಈರುಳ್ಳಿ ಇದೆ’ ಎಂದೆ. ಜೈನರಾದ ಅವರು ಅದನ್ನೂ ತಿನ್ನುವುದಿಲ್ಲ. ಮೀನೆಂದರೆ ಆ ಮುದುಕಿ ಇನ್ನು ಈ ದೇಶದಲ್ಲಿ ನೀರೂ ಮುಟ್ಟುವುದಿಲ್ಲವೆಂದು ಗೊತ್ತಿತ್ತು.

ಹಿರಿಯರಿಗೆ ಇಂಗ್ಲಿಷಿನಲ್ಲಿ ನಿಜ ಹೇಳಿದೆ. ಅವರು ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡು, ತಪ್ಪು ತಮ್ಮದೇ ಎಂಬಂತೆ ಪ್ಲಾಟ್‌ಫಾರಂ ಮೇಲೆ ಓಡಿಹೋಗಿ, ಅರಿಸಿನದ ಬಣ್ಣದ ಎಳನೀರು ಎರಡು ಕೆತ್ತಿಸಿ ತಂದರು. ಸೂರ್ಯನ ಕೊನೆಯ ಚೂರು ಇನ್ನೂ ಮೇಲಿತ್ತು. ಪದ್ಮಾವತಮ್ಮ ಎರಡನ್ನೂ ಕುಡಿದು, ಅವರಿಗೆ ಕೈಮುಗಿದು, ‘ಒಳ್ಳೇ ದೇಶ’ ಎಂದು ಹೇಳಿ ಮಲಗಿದರು.

ಕ್ಯಾಂಡಿಯ ಮೇಲಿನ ತೋಟ

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದರೆ ಧರಣೇಂದ್ರ ನಿಂತಿದ್ದ. ಮುಖ ನೋಡಿದೊಡನೆ ತಿಳಿಯಿತು. ನೋವು ಹಿಂದಿನ ಸಂಜೆಯೇ ಶುರುವಾಗಿತ್ತು, ಎಂಟು ತಿಂಗಳಿಗೇ. ತೋಟದ ಡಾಕ್ಟರಮ್ಮ ಬೆಟ್ಟದಾಚೆಯ ಇನ್ನೊಂದು ತೋಟಕ್ಕೆ ಹೋಗಿದ್ದರು. ಕರೆತರಲು ಧರಣೇಂದ್ರ ಆಳು ಕಳಿಸಿದ್ದ, ಅವರು ಇನ್ನೂ ಬಂದಿರಲಿಲ್ಲ. ಐದು ದಿನ ಮುಂಚೆ ಬಂದಿದ್ದರೆ ಸುಮತಿಯನ್ನು ಪರೀಕ್ಷಿಸಿ ಕ್ಯಾಂಡಿಯ ಆಸ್ಪತ್ರೆಗೆ ಸೇರಿಸಿರುತ್ತಿದ್ದೆ. ಓಡಿದೆ.

ಒಳಗೆ ತೋಟದ ಸೂಲಗಿತ್ತಿ ಪೊಡಿ ಮೆಣಿಕೆ ಎಂಬ ಮುದುಕಿ ಸುಮತಿಯ ಸೊಂಟ ನೀವುತ್ತಿದ್ದಳು. ಅವಳಿಗೆ ಸಿಂಹಳ ಬಿಟ್ಟು ಬೇರೆ ಬಾರದು. ನನಗೆ ಸಿಂಹಳದ ಒಂದಕ್ಷರ ಬಾರದು. ಹೊಟ್ಟೆ ಮುಟ್ಟಿ ನೋಡಿದೆ. ತಲೆ ಮೇಲಿತ್ತು. ಮಗು ಕುಂಡೆ ಮುಂದಾಗಿ ಬರುತ್ತಿತ್ತು. ಮುದುಕಿಯ ಕಡೆ ನೋಡಿದೆ. ಗೊತ್ತು ಎಂಬಂತೆ ಕಣ್ಣು ಮಿಟುಕಿಸಿದಳು.

ಕಾಲು ಕಂಡೊಡನೆ ಹಿಡಿದೆಳೆಯಬೇಕೆಂದು ನನ್ನ ಕೈ ಮುಂದೆ ಹೋಯಿತು. ಮುದುಕಿ ನನ್ನ ಕೈಮೇಲೆ ಪಟಾರನೆ ಒಂದು ಕೊಟ್ಟಳು. ಕಾಯಬೇಕೆಂದು ಬೆರಳೆತ್ತಿ ಸನ್ನೆ ಮಾಡಿದಳು. ಓದಿನಲ್ಲೂ ಅದನ್ನೇ ಹೇಳಿದ್ದರು, ಭಯದಲ್ಲಿ ಮರೆತಿದ್ದೆ. ಇಬ್ಬರೂ ಕೈ ಕಟ್ಟಿಕೊಂಡು ಕಾದೆವು. ಅಷ್ಟು ಕಷ್ಟದ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಭುಜ ಬಂದ ಮೇಲೆ ಅವಳು ಹೊಟ್ಟೆಯ ಮೇಲಿನಿಂದ ಒತ್ತಿದಳು, ನಾನು ಮಗುವನ್ನು ಮೇಲಕ್ಕೆತ್ತಿ ತಲೆ ಬಿಡಿಸಿದೆ. ಹೆಣ್ಣು. ನೇರಳೆ ಬಣ್ಣಕ್ಕೆ ತಿರುಗಿತ್ತು, ಅಳಲಿಲ್ಲ.

ಬಾಯಿಯ ಲೋಳೆ ತೆಗೆದೆ. ಬೆನ್ನು ಉಜ್ಜಿದೆ. ಬಾಯಿಗೆ ಬಾಯಿಟ್ಟು ಸಣ್ಣಗೆ ಊದಿದೆ. ಬಾಗಿಲ ಹೊರಗೆ ಪದ್ಮಾವತಮ್ಮ ಜಪ ಮಾಡುತ್ತಿದ್ದುದು ಕೇಳುತ್ತಿತ್ತು, ನಡುವೆ ನಿಂತುಹೋಯಿತು. ಮತ್ತೆ ಊದಿದೆ. ಮಗು ಒಂದು ಸಲ ಬಿಕ್ಕಿತು. ಆಮೇಲೆ ಅತ್ತ ಅಳು ತೋಟದ ಕೂಲಿಮನೆಗಳವರೆಗೂ ಕೇಳಿಸಿತಂತೆ.

ಪೊಡಿ ಮೆಣಿಕೆ ಹೊರಗೆ ಹೋಗಿ ಕಡುಕಪ್ಪು ಟೀ ತಂದಳು. ಇಲ್ಲಿಯವರು ಟೀಗೆ ಸಕ್ಕರೆ ಬೆರೆಸುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಕಚ್ಚಿ ಕಚ್ಚಿ ಕುಡಿಯುತ್ತಾರೆ. ನನಗೂ ಒಂದು ಚೂರು ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿದೆವು. ಅವಳು ಏನೋ ಉದ್ದಕ್ಕೆ ಹೇಳಿದಳು. ನಾನೂ ಅರಕಲಗೂಡಿನ ಕನ್ನಡದಲ್ಲಿ ಏನೇನೋ ಹೇಳಿದೆ. ಆಮೇಲೆ ನಾನು ಅತ್ತೆ.

ಡಾಕ್ಟರಮ್ಮ ಬಂದದ್ದು ಸಂಜೆಗೆ. ಲಂಕೆಯಲ್ಲೇ ನೆಲೆನಿಂತ ಡಚ್ಚರ ವಂಶದ ಬರ್ಗರ್ ಜನಾಂಗದವರು, ಅರವತ್ತು ದಾಟಿದವರು, ಹೆಸರು ಡೋರತಿ. ಗೌನಿನ ಮೇಲೆ ಗಂಡಸರ ಟೋಪಿ. ತಾಯಿ-ಮಗುವನ್ನು ನೋಡಿ, ‘ನಾನು ಇದ್ದಿದ್ದರೂ ಇಷ್ಟೇ ಮಾಡುತ್ತಿದ್ದೆ’ ಎಂದರು. ಅವರು ಮಲಯಾದ ಪೆನಾಂಗಿನಲ್ಲಿ ಕೆಲಸ ಮಾಡಿದ್ದರು, ಆಫ್ರಿಕಾದ ಜಂಜಿಬಾರಿನಲ್ಲಿ ಮಾಡಿದ್ದರು, ಹಡಗಿನಲ್ಲೂ ಕೆಲವು ಕಾಲ. ಮುಂದಿನ ಹತ್ತು ದಿನ ಅವರು ಬಂದಾಗಲೆಲ್ಲ ನಾನು ಬೆನ್ನು ಬಿಡಲಿಲ್ಲ. ಪೆನಾಂಗಿನ ಆಸ್ಪತ್ರೆಗಳಲ್ಲಿ ನರ್ಸುಗಳು ಎಲ್ಲಿ ಇರುತ್ತಾರೆ? ಒಂಟಿ ಹೆಂಗಸು ಪೇಟೆಗೆ ಹೋಗಬಹುದೇ? ಮಳೆ ಯಾವಾಗ? ಅಲ್ಲಿಯವರ ಭಾಷೆ ಕಲಿಯಲು ಎಷ್ಟು ದಿನ ಬೇಕು?

ಒಂದು ದಿನ ಅವರು ಕೈಚೀಲ ಮುಚ್ಚುತ್ತ ಕೇಳಿದರು: ‘ನಿನಗೆ ಮದುವೆ ಆಗಿದೆಯೇ?’

‘ಇಲ್ಲ ಡಾಕ್ಟರ್. ಯುಗಾದಿ ಆದ ಮೇಲೆ ಮದುವೆ.’

‘ಮತ್ತೆ ನನ್ನನ್ನು ಪೆನಾಂಗಿನ ವಿಷಯ ಯಾಕೆ ಕೇಳುತ್ತಿದ್ದೀಯ?’

ಉತ್ತರಕ್ಕೆ ಅವರು ಕಾಯಲಿಲ್ಲ. ಟೋಪಿ ಹಾಕಿಕೊಂಡು ಹೋದರು.

ಹುಣ್ಣಿಮೆ

ಅಲ್ಲಿ ಹುಣ್ಣಿಮೆಯ ದಿನ ಎಲ್ಲರೂ ಬುದ್ಧನ ಗುಡಿಗೆ ಹೋಗುತ್ತಾರೆ. ಪೊಡಿ ಮೆಣಿಕೆ ನಮ್ಮನ್ನೂ ಬರಲು ಸನ್ನೆ ಮಾಡಿದಳು. ಪದ್ಮಾವತಮ್ಮ ಮೊದಲು ಒಪ್ಪಲಿಲ್ಲ. ಒಳ್ಳೆಯ ದಿನ, ನಾನು ಎದುರಿಗೆ ಬಂದರೆ ಜನಕ್ಕೆ ಬೇಸರವಾಗುತ್ತದೆ ಎಂದರು. ಮೂವತ್ತು ವರ್ಷದಿಂದ ಅವರು ಉಟ್ಟದ್ದು ಬಿಳಿ ಸೀರೆ. ನಮ್ಮ ಕಡೆ ಮದುವೆಗೆ ಹೊರಟವರು ದಾರಿಯಲ್ಲಿ ಅವರನ್ನು ಕಂಡರೆ ಅಪಶಕುನವೆಂದು ಒಂದು ಗಳಿಗೆ ಕೂತು ಹೋಗುತ್ತಿದ್ದರು. ಅದನ್ನು ನಾನೂ ಬೆಳಗೊಳದಲ್ಲಿ ಕಂಡಿದ್ದೆ.

ಬಲವಂತ ಮಾಡಿ ಕರೆದುಕೊಂಡು ಹೋದೆ. ಗುಡಿಯ ಮೆಟ್ಟಿಲ ತುಂಬ ಹೆಂಗಸರು. ಮುದುಕಿಯರು, ಹೊಸದಾಗಿ ಮದುವೆಯಾದವರು, ಬಸುರಿಯರು. ಎಲ್ಲರೂ ಅಚ್ಚ ಬಿಳಿ ಉಟ್ಟಿದ್ದರು. ಅಲ್ಲಿ ಗುಡಿಗೆ ಹೋಗುವ ಬಣ್ಣವೇ ಬಿಳಿ. ನೀಲಿ ಸೀರೆಯುಟ್ಟ ನಾನೊಬ್ಬಳೇ ಎದ್ದು ಕಾಣುತ್ತಿದ್ದೆ. ಯಾರೋ ಹುಡುಗಿ ಬಂದು ಪದ್ಮಾವತಮ್ಮನ ಬೊಗಸೆಗೆ ತಾವರೆ ಹೂವಿಟ್ಟು ಕೈಮುಗಿದು ಹೋದಳು. ಅವರು ಆ ದೇವರಿಗೆ ಕೈಮುಗಿಯಲಿಲ್ಲ, ಹೂವನ್ನು ಕೆಳಗೂ ಇಡಲಿಲ್ಲ. ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದರು.

‘ಇಲ್ಲಿ ಯಾರೂ ನನ್ನ ನೋಡಿ ಮುಖ ತಿರುಗಿಸ್ಲಿಲ್ಲ ಕಣೇ ಜಯಾ’ ಎಂದರು.

ಇದೇ ಹೊತ್ತೆಂದು ಧೈರ್ಯ ಮಾಡಿ, ನನಗೆ ಮದುವೆ ಬೇಡವೆನ್ನಿಸುತ್ತಿದೆ, ಹೀಗೇ ಊರೂರು ನೋಡುತ್ತ ಕೆಲಸ ಮಾಡುತ್ತ ಇರಬೇಕೆನ್ನಿಸುತ್ತಿದೆ ಎಂದೆ. ಅವರು ಹರಸುತ್ತಾರೆಂದು ನಂಬಿದ್ದೆ. ಅವರು ಸಿಡಿದರು.

‘ಹುಚ್ಚುಚ್ಚಾಗಿ ಆಡ್ಬೇಡ. ಒಂಟಿ ಹೆಂಗ್ಸಿನ ಬಾಳು ಏನು ಅಂತ ನನ್ನ ಕೇಳು. ಜ್ವರ ಬಂದ್ರೆ ಹೊದಿಸೋರಿಲ್ಲ. ಮಾತಾಡಿದ್ರೆ ತಪ್ಪು, ಸುಮ್ನಿದ್ರೆ ತಪ್ಪು. ನಂಗೆ ಆ ಹಣೇಬರ ತಾನಾಗಿ ಬಂತು. ನೀನು ಕೈಯಾರೆ ತಂದ್ಕೋತೀಯಾ?’

‘ನಿಮಗೆ ಎಲ್ಲಿಗೂ ಹೋಗೋಕೆ ಬಿಡ್ಲಿಲ್ಲ ಅಮ್ಮ. ನಾನು ಹೋಗ್ತೀನಿ ಅಂತಿದೀನಿ. ಎರಡೂ ಒಂದೇನಾ?’

‘ಜ್ವರ ಎರಡು ಕಡೇನೂ ಒಂದೇ’ ಎಂದರು. ಹೂವು ಹಿಡಿದುಕೊಂಡೇ ಮೆಟ್ಟಿಲಿಳಿದರು.

ಬಾಣಂತನ ಮುಗಿಸಿ ಮೂರು ತಿಂಗಳ ಮೇಲೆ ಬರುವುದೆಂದು ಅವರು ನಿಂತರು. ನಾನೊಬ್ಬಳೇ ಹೊರಟೆ. ಬಸ್ಸಿನವರೆಗೆ ಬಂದು ಬೆಲ್ಲ, ಅವಲಕ್ಕಿ, ಸೋಸುವ ಬಟ್ಟೆ ಎಲ್ಲ ಗಂಟು ಕಟ್ಟಿಕೊಟ್ಟರು. ‘ಏನೇ ಮಾಡು, ಆ ಹುಡುಗನ್ನ ಕಾಯಿಸ್ಬೇಡ. ಬೇಡ ಅಂದ್ರೆ ಬೇಡ ಅಂತ ನೀನೇ ಹೋಗಿ ಹೇಳು’ ಎಂದರು.

ಚನ್ನರಾಯಪಟ್ಟಣ

ಹಿಂದಿರುಗುವ ದಾರಿಯಲ್ಲಿ ಸಮುದ್ರ ನೋಡಿದೆನೋ ಇಲ್ಲವೋ ನೆನಪಿಲ್ಲ. ಶಿವಣ್ಣನವರಿಗೆ ಏನು ಹೇಳುವುದೆಂಬ ಮಾತುಗಳನ್ನು ಕಟ್ಟುತ್ತ, ಕೆಡವುತ್ತ ಬಂದೆ. ಬೆಂಗಳೂರಿನಿಂದ ಹಾಸನದ ಬಸ್ಸು ಹಿಡಿದವಳು ನಡುವೆ ಚನ್ನರಾಯಪಟ್ಟಣದಲ್ಲೇ ಇಳಿದುಬಿಟ್ಟೆ. ಮೊದಲು ಮನೆಗೆ ಹೋದರೆ ಅಪ್ಪನ ಮುಖ ನೋಡಿ ಎದೆ ಕುಸಿಯುತ್ತದೆಂದು ಗೊತ್ತಿತ್ತು.

ತಾಲ್ಲೂಕು ಕಚೇರಿಯ ಮುಂದೆ ಟ್ರಂಕು ಹಿಡಿದು ನಿಂತಿದ್ದ ಹೆಂಗಸನ್ನು ಇಡೀ ಕಚೇರಿ ಕಿಟಕಿಯಿಂದ ನೋಡಿತು. ಶಿವಣ್ಣ ಹೊರಗೆ ಬಂದರು. ಗಾಬರಿಯಾಗಿತ್ತು. ‘ಏನಾಯ್ತು? ಅಲ್ಲಿ ಎಲ್ಲ ಕ್ಷೇಮಾನಾ?’ ಎಂದು ಮೊದಲು ಕೇಳಿದ್ದು ಅದನ್ನೇ.

ಹೊಂಗೆ ಮರದಡಿ ನಿಂತು ಹೇಳಿದೆ. ಕಟ್ಟಿಕೊಂಡು ಬಂದ ಒಂದು ಮಾತೂ ಬಾಯಿಗೆ ಬರಲಿಲ್ಲ. ‘ನನಗೆ ಮದುವೆ ಬೇಡ’ ಎಂದಷ್ಟೇ ಬಂತು.

ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ‘ನನ್ನಲ್ಲಿ ಏನಾದ್ರೂ ಐಬು ಕೇಳಿ ಬಂತಾ?’

‘ಇಲ್ಲ.’

‘ಮತ್ತೆ ಬೇರೆ ಯಾರಾದ್ರೂ...’

‘ಯಾರೂ ಇಲ್ಲ. ಮಲಯಾದ ಪೆನಾಂಗಿಗೆ ಕೆಲಸಕ್ಕೆ ಹೋಗಬೇಕು ಅಂತ. ಅಲ್ಲಿಂದ ಆಮೇಲೆ ಬೇರೆ ಕಡೆ.’

‘ಬೇರೆ ಕಡೆ ಅಂದ್ರೆ?’

‘ಗೊತ್ತಿಲ್ಲ.’

ಅವರಿಗೆ ಸಿಟ್ಟು ಬಂತು. ಬರಬೇಕಾದ್ದೇ. ‘ಗೊತ್ತಿಲ್ದೇ ಇರೋ ಊರಿಗೋಸ್ಕರ ಗೊತ್ತಿರೋ ಮನುಷ್ಯನ್ನ ಬಿಡ್ತೀರಾ? ನಮ್ಮವ್ವ ಊರಿಗೆಲ್ಲ ಹೇಳವ್ಳೆ. ನಾಳೆ ನಾನು ಈ ಕಚೇರೀಲಿ ಹೆಂಗೆ ತಲೆ ಎತ್ಕೊಂಡು ಕೂತ್ಕೊಳ್ಲಿ?’

ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ಅವರೇ, ‘ಕಾಗ್ದ ಬರ್ದಿದ್ರೆ ಹರಿದು ಹಾಕಿ ಬೈಕೊಂಡು ಸುಮ್ನಾಗ್ತಿದ್ದೆ. ಎದುರಿಗೆ ಬಂದು ಹೇಳಿ ಬೈಯೋಕೂ ಆಗ್ದಂಗೆ ಮಾಡಿದ್ರಿ’ ಎಂದರು. ನನ್ನ ಟ್ರಂಕನ್ನು ಎತ್ತಿ ಬಸ್‌ಸ್ಟ್ಯಾಂಡಿನ ತನಕ ತಂದರು. ಹೋಗಿ ಬನ್ನಿ ಎನ್ನಲಿಲ್ಲ. ತಿರುಗಿ ನೋಡದೆ ಹೋದರು.

ಮನೆ

ಅವ್ವ ಎದೆ ಬಡಿದುಕೊಂಡು ಅತ್ತಳು. ಅಪ್ಪ ಏನೂ ಅನ್ನಲಿಲ್ಲ. ಅನ್ನಲಿಲ್ಲವೆಂದರೆ ಎಂಟು ತಿಂಗಳು ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನು ಜಗಲಿಗೆ ಬಂದರೆ ಹಿತ್ತಲಿಗೆ ಹೋಗುತ್ತಿದ್ದ, ಹಿತ್ತಲಿಗೆ ಬಂದರೆ ಹೊಲಕ್ಕೆ. ಲಂಕೆ ಬಿಡುವಾಗ ಡಾಕ್ಟರ್ ಡೋರತಿ ಬರೆದುಕೊಟ್ಟಿದ್ದ ಪೆನಾಂಗಿನ ಆಸ್ಪತ್ರೆಯ ವಿಳಾಸಕ್ಕೆ ಅರ್ಜಿ ಹಾಕಿ ಕಾದೆ. ಬಾವಿಕಟ್ಟೆಯಲ್ಲಿ ನಾನು ಬಂದೊಡನೆ ಮಾತು ನಿಲ್ಲುತ್ತಿತ್ತು. ಹೆರಿಗೆಗೆ ಕರೆಯಲು ಮಾತ್ರ ಯಾರೂ ಹಿಂದೆಮುಂದೆ ನೋಡಲಿಲ್ಲ.

ಆಮೇಲೆ ಪೆನಾಂಗ್, ಏಡನ್, ಕೆಲವು ವರ್ಷ ಹಡಗು. ಹೆಮ್ಮೆಗೆ ಇದನ್ನು ಬರೆಯುತ್ತಿಲ್ಲ. ಜ್ವರದ ವಿಷಯದಲ್ಲಿ ಪದ್ಮಾವತಮ್ಮ ಹೇಳಿದ್ದು ನಿಜವಾಗಿತ್ತು; ಗಂಜಿ ಕಾಯಿಸಿಕೊಡುವವರಿಲ್ಲದ ಊರುಗಳಲ್ಲಿ ಎಷ್ಟೋ ಸಲ ಗೋಡೆ ಕಡೆ ತಿರುಗಿ ಮಲಗಿದ್ದೇನೆ. ಅವ್ವ ಹೋದಳೆಂಬ ತಂತಿ ಏಡನ್‌ಗೆ ಬಂದು ನನ್ನ ಕೈ ಸೇರುವಾಗ ಹನ್ನೊಂದನೆಯ ದಿನವೂ ಕಳೆದಿತ್ತು. ಶಿವಣ್ಣನವರಿಗೆ ಮರುವರ್ಷವೇ ಮದುವೆಯಾಯಿತೆಂದು ಕೇಳಿ ಸಮಾಧಾನವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಇಷ್ಟಾದರೂ ಇನ್ನೊಮ್ಮೆ ಕೇಳಿದರೆ ಅದೇ ಹೊಂಗೆ ಮರದ ಕೆಳಗೆ ಅದೇ ಮಾತು ಹೇಳುತ್ತೇನೆ.

ಪೆನಾಂಗಿಗೆ ಹೊರಟ ಬೆಳಗ್ಗೆ ಅವ್ವ ಬಾಗಿಲಿಗೆ ಬರಲಿಲ್ಲ. ನಾನು ಒಬ್ಬಳೇ ಟ್ರಂಕು ಹೊತ್ತು ರಾಮನಾಥಪುರದ ರಸ್ತೆಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಅಪ್ಪ ಹೊಲದ ಬದುವಿನಿಂದ ಹತ್ತಿ ಬಂದ. ಕೈಯೆಲ್ಲ ಹೊಗೆಸೊಪ್ಪಿನ ಅಂಟು. ಪಕ್ಕದಲ್ಲಿ ನಿಂತ. ದೂರದಲ್ಲಿ ಬಸ್ಸಿನ ಧೂಳು ಕಂಡಿತು.

‘ಆ ಪೆನಾಂಗು ಯಾವ್ ದಿಕ್ಕಿಗೈತೆ?’ ಎಂದು ಕೇಳಿದ.

ನಾನು ಮೂಡಲಿಗೆ ಕೈ ತೋರಿಸಿದೆ.

‘ಒತ್ತು ಉಟ್ಟೋ ಕಡೆ. ಅಂಗಾದ್ರೆ ಅಲ್ಲಿ ನಮಗಿಂತ ಮೊದ್ಲೇ ಬೆಳಗಾಗ್ತದಾ?’

‘ಹೌದಪ್ಪ. ಎರಡು ಗಂಟೆ ಮೊದಲು.’

ಅವನು ಲೆಕ್ಕ ಹಾಕುವಂತೆ ಆಕಾಶ ನೋಡಿದ. ‘ನಾನು ಎದ್ದು ದನಕ್ಕೆ ಉಲ್ಲು ಆಕೋ ಒತ್ತಿಗೆ ನೀನು ಕೆಲ್ಸದಾಗಿರ್ತೀಯ.’

‘ಹೂಂ.’

‘ಸರಿ ಬುಡು. ನೆಪ್ಪು ಮಾಡ್ಕಳಾಕೆ ಒಂದು ಒತ್ತು ಗೊತ್ತಾಯ್ತು’ ಎಂದ.

ಬಸ್ಸು ಬಂತು. ಟ್ರಂಕನ್ನು ಅವನೇ ಮೇಲಕ್ಕೆ ಹಾಕಿದ.